ಬಿದಿಗೆಯ ನೀರು

"ಇನ್ನೂ ಹತ್ತು ಹೆಜ್ಜೆ ಮೇಲೆ ಎಳೀರಿ" ಎಂದು ಕೂಗಿದವನು ನಾನೇ. ಆಮೇಲೆ ಆದದ್ದಕ್ಕೆಲ್ಲ ಗಾಳಿ, ಮಳೆ, ಗ್ರಹಚಾರ ಅಂತ ನೂರು ಹೆಸರು ಹೇಳಬಹುದು. ಆದರೆ ಬಾಯಿ ನನ್ನದು, ಮಾತು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡು ಶುರು ಮಾಡುತ್ತೇನೆ.

ಮೇ ತಿಂಗಳ ಹುಣ್ಣಿಮೆ ಕಳೆದ ಮರುದಿನ, ನಡು ಹಗಲು. ಅಂಕೋಲೆಯ ಕೇಣಿ ದಂಡೆಯಲ್ಲಿ ಇಪ್ಪತ್ತು ಜನ ಸೇರಿ ಒಂದು ಹಳೆಯ ಮರದ ಬೋಟನ್ನು ತೆಂಗಿನ ದಿಮ್ಮಿಗಳ ಮೇಲೆ ಉರುಳಿಸುತ್ತ ಮೇಲಕ್ಕೆ ಎಳೆಯುತ್ತಿದ್ದರು. ನಾನು ಬೋಟು ರಿಪೇರಿಯ ಬಡಗಿ. ಕಾರವಾರದ ಹಬ್ಬುವಾಡದ ಮನೆಯಿಂದ ಉಳಿ, ಬಾಚಿ, ಗರಗಸದ ಚೀಲ ಹೆಗಲಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಂದಿದ್ದೆ. ಬೋಟಿನ ತಳದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಒಂದು ದಪ್ಪ ತೊಲೆ ಇರುತ್ತದೆ, ಅದೇ ಬೋಟಿನ ಬೆನ್ನುಮೂಳೆ. ಆ ತೊಲೆ ಸವೆಯಬಾರದೆಂದು ಅದರ ಅಡಿಗೆ ಇನ್ನೊಂದು ಪಟ್ಟಿ ಕೂಡಿಸುತ್ತೇವೆ. ನಾನು ಅದನ್ನು ಬೋಟಿನ ಚಪ್ಪಲಿ ಎನ್ನುತ್ತೇನೆ. ಈ ಬೋಟಿನ ಚಪ್ಪಲಿಯನ್ನು ಹುಳ ತಿಂದು ಜಾಳಿಗೆ ಮಾಡಿತ್ತು. ಹಳೆಯದನ್ನು ಕಿತ್ತು ಹೊಸದನ್ನು ಹಾಕುವ ಕೆಲಸ ನನ್ನದು. ಅದಕ್ಕೆ ಬೋಟಿನ ಅಡಿಯಲ್ಲಿ ಮಲಗಬೇಕು. ಹೊಳೆಯೊಳಗಿನ ಕೆಸರಲ್ಲಿ ಆಗುವ ಮಾತಲ್ಲ, ಒಣ ಮರಳು ಬೇಕು.

ಬೋಟಿನ ಯಜಮಾನ್ತಿ ಗಂಡ ಸತ್ತು ಎರಡು ವರ್ಷವಾದ ಹೆಂಗಸು. ಗಂಡನ ತಮ್ಮ ಅದೇ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಅವಳು ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ, ಇಳಿತ ದೊಡ್ಡದಿದ್ದ ಮುಂಜಾವಗಳಲ್ಲಿ ಕಲ್ಲಿಗಂಟಿದ ಚಿಪ್ಪಿ ಕೆರೆದು ತರುತ್ತಾಳೆ. ಬೋಟು ಎಳೆಯುವಾಗ ಹೆಂಗಸರು ಹಗ್ಗ ಮುಟ್ಟುವ ಪದ್ಧತಿ ಅಲ್ಲಿಲ್ಲ. ದೂರ ನಿಂತಿದ್ದವಳು ಎರಡು ಹೆಜ್ಜೆ ಮುಂದೆ ಬಂದು ಹೇಳಿದಳು.

"ಮೇಸ್ತಾ, ಇಷ್ಟು ಮೇಲೆ ಬೇಡಾ. ನೀರು ತಿರ್ಗಿ ಇಲ್ಲಿಗೆ ಬರೂದಿಲ್ಲ."

ತಾಂಡೇಲನೂ "ಪುರೋ ಮೇಸ್ತಾ, ಸಾಕು" ಎಂದ.

ನಾನು ನಕ್ಕೆ. ಆ ನಗು ಈಗ ನೆನಪಾದರೆ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. "ತಂಗೀ, ಹುಣ್ಣಿಮೆಗೆ ಬಂದ ನೀರು ಅಮಾಸೆಗೆ ಬರ್ದೇ ಎಲ್ಲಿಗೆ ಹೋಗ್ತದೆ? ಎರಡೂ ದೊಡ್ಡ ಭರತಿಯೇ. ನೀ ನಿನ್ನ ಚಿಪ್ಪಿ ಬುಟ್ಟಿ ನೋಡ್ಕೊ, ಬೋಟು ನಾ ನೋಡ್ಕಂತೆ" ಎಂದೆ. ಗಂಡಸರು ಹೋ ಎಂದು ನಕ್ಕರು. ಬೋಟು ಹತ್ತು ಹೆಜ್ಜೆ ಮೇಲೆ ಹೋಗಿ ಕೂತಿತು. ಆ ದಿನದ ಅಲೆ ಮುಟ್ಟಿದ ಕೊನೆಯ ಗೆರೆಯಲ್ಲಿ ನಾನೊಂದು ಬಿದಿರ ಗೂಟ ಹುಗಿದೆ. ನನ್ನ ಲೆಕ್ಕ ಸರಳ. ಇನ್ನು ಹದಿನೈದು ದಿನಕ್ಕೆ ಅಮಾವಾಸ್ಯೆ, ನೀರು ಮತ್ತೆ ಗೂಟಕ್ಕೆ ಬರುತ್ತದೆ, ಹತ್ತು ಹೆಜ್ಜೆ ಮರಳು ತೋಡಿ ಕೊಟ್ಟರೆ ಬೋಟು ತೇಲುತ್ತದೆ, ಮಳೆಗಾಲ ಹಿಡಿಯುವ ಮೊದಲು ಅಲೆ ಮುಟ್ಟದ ಹೊಳೆಯೊಳಗೆ ಸೇರುತ್ತದೆ.

ಮೊದಲ ಎಂಟು ದಿನ ಕೆಲಸ ಹೂವು ಎತ್ತಿದ ಹಾಗೆ ನಡೆಯಿತು. ಬೋಟಿಗೆ ಎರಡೂ ಬದಿಗೆ ಊರುಗೋಲು ಕೊಟ್ಟು, ತಳಕ್ಕೆ ಮರದ ತುಂಡು ಇಟ್ಟು ಎತ್ತರಿಸಿ, ಹಳೆಯ ಚಪ್ಪಲಿ ಕಿತ್ತೆ. ಮತ್ತಿಮರದ ಹೊಸ ಪಟ್ಟಿ ತಂದೆವು. ಆರು ಬೆರಳು ದಪ್ಪ, ಒಂದು ಗಂಟು ಇಲ್ಲ, ಒಂದು ಸೀಳು ಇಲ್ಲ. ಬಾಚಿ ಹಿಡಿದು ಅದನ್ನು ಬೆನ್ನುತೊಲೆಗೆ ಹೊಂದಿಸಿದ್ದು ನೋಡಿದರೆ ನಡುವೆ ಒಂದು ಕಾಗದ ತೂರಿಸಲು ಬರುತ್ತಿರಲಿಲ್ಲ. ಇಪ್ಪತ್ತೆರಡು ಬೋಲ್ಟು. ಒಳಗಿನಿಂದ ನಟ್ಟು ಬಿಗಿದು, ಅದರ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದೆ. "ಇನ್ನು ಇಪ್ಪತ್ತು ವರ್ಷ ಇದು ಅಲುಗಿದ್ರೆ ನನ್ನ ಹೆಸ್ರು ಬದ್ಲಿಸು" ಎಂದು ತಾಂಡೇಲನಿಗೆ ಹೇಳಿದೆ.

ಕೊನೆಯ ಬೋಲ್ಟು ಬಡಿದದ್ದು ಅಷ್ಟಮಿಯ ಬೆಳಿಗ್ಗೆ. ಬೋಟಿನ ಅಡಿಯಿಂದ ತೆವಳಿ ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡುವಾಗ ಪಶ್ಚಿಮದಲ್ಲಿ ಅರ್ಧ ಚಂದ್ರ ಹಪ್ಪಳದ ಚೂರಿನ ಹಾಗೆ ಕಂಡಿತು. ಹಗಲಲ್ಲಿ ಚಂದ್ರ! ಅರವತ್ತು ವರ್ಷದಲ್ಲಿ ಎಷ್ಟೋ ಸಲ ಕಣ್ಣಿಗೆ ಬಿದ್ದಿರಬೇಕು, ನೋಡಿದ್ದು ಅದೇ ಮೊದಲು. ನನಗೆ ಚಂದ್ರ ಅಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಬಿಳಿ ಚುಕ್ಕಿ, ಒಂದು ಕರಿ ಚುಕ್ಕಿ, ಅಷ್ಟೇ. ಆ ದಿನ ಸಮುದ್ರ ಸತ್ತು ಬಿದ್ದಿತ್ತು. ಭರತಿಯೂ ಇಲ್ಲ, ಇಳಿತವೂ ಇಲ್ಲ ಎಂಬಂತೆ ನೀರು ನನ್ನ ಗೂಟದಿಂದ ಎಷ್ಟೋ ಕೆಳಗೆ ಸುಮ್ಮನೆ ಮಿಸುಕುತ್ತಿತ್ತು.

ದಶಮಿಯ ದಿನ ಯಜಮಾನ್ತಿ ಊಟದ ಬುತ್ತಿ ತಂದವಳು ಹೋಗದೆ ನಿಂತಳು.

"ಮೇಸ್ತಾ, ಸಿಟ್ಟು ಮಾಡ್ಬೇಡಾ. ಹೋದ ಅಮಾಸೆಗೆ ಅಜ್ಜಿಕಲ್ಲು ಕುತ್ಗೆವರೆಗೆ ಮಾತ್ರ ಬಿಟ್ಟಿತ್ತು. ಅದ್ರ ಹಿಂದಿನ ಅಮಾಸೆಗೂ ಅಷ್ಟೇ. ಮೊನ್ನೆ ಹುಣ್ಣಿಮೆಗೆ ಪಾದ ಕಾಣಸ್ತು."

ಅಜ್ಜಿಕಲ್ಲು ಎಂದರೆ ಬೋಟಿನ ನೇರಕ್ಕೆ ಸಮುದ್ರದಲ್ಲಿರುವ ಒಂದು ಕಪ್ಪು ಬಂಡೆ. ಚಿಪ್ಪಿ ಕೆರೆಯುವ ಹೆಂಗಸರು ಇಟ್ಟ ಹೆಸರು. ಇಳಿತಕ್ಕೆ ಕಲ್ಲು ನೀರಿನಿಂದ ಹೊರಗೆ ಕಾಣುವುದಕ್ಕೆ ಅವರು ಬಿಡುವುದು ಎನ್ನುತ್ತಾರೆ.

"ಕಲ್ಲು ಎಷ್ಟಾದ್ರೂ ಕಾಣ್ಲಿ, ಅದಕ್ಕೂ ನನ್ನ ಭರತಿಗೂ ಎಂತ ಸಂಬಂಧ?" ಎಂದೆ.

"ಅಯ್ಯ, ನೀರು ಎಷ್ಟು ಕೆಳ್ಗೆ ಹೋಗ್ತದೋ ಅಷ್ಟೇ ಮೇಲೆ ಬತ್ತದೆ. ಕೆಳ್ಗೆ ಹೋಗ್ದೇ ಇದ್ದ ನೀರು ಮೇಲೆ ಹ್ಯಾಂಗೆ ಬತ್ತದೆ? ಈ ವರ್ಷ ಹುಣ್ಣಿಮೆ ನೀರು ದೊಡ್ಡದು, ಅಮಾಸೆ ನೀರು ಸಣ್ಣದು. ಒಂದೊಂದು ವರ್ಷ ಅದ್ಲಬದ್ಲಿ ಆಗ್ತದೆ. ಅಂದೇ ಹೇಳೂಕೆ ಬಂದೆ. ನೀ ಬುಟ್ಟಿ ನೋಡ್ಕೊ ಅಂದೆ."

ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಹಾಕಿ ಎದ್ದೆ. ತಾಂಡೇಲನನ್ನು ಕರೆದೆ. ಅವನ ಮೊಬೈಲಿನಲ್ಲಿ ಭರತಿ-ಇಳಿತದ ಪಟ್ಟಿ ಇತ್ತು. ನಾವಿಬ್ಬರೂ ದಿನಾ ನೋಡುತ್ತಿದ್ದದ್ದು ಎಷ್ಟು ಹೊತ್ತಿಗೆ ನೀರು ಎಂಬ ಸಾಲನ್ನು. ಎಷ್ಟು ಎತ್ತರ ಎಂಬ ಸಾಲು ಅದರ ಪಕ್ಕದಲ್ಲೇ ಇತ್ತು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಹುಣ್ಣಿಮೆಯ ಅಂಕಿಗೂ ಬರುವ ಅಮಾವಾಸ್ಯೆಯ ಅಂಕಿಗೂ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ. ಅಮಾವಾಸ್ಯೆಯ ಆಚೆಗಿನ ಅಂಕಿ ನೋಡುವ ಬುದ್ಧಿ ಆಗಲೂ ಇಬ್ಬರಿಗೂ ಬರಲಿಲ್ಲ. ತಾಂಡೇಲ ನನ್ನ ಮುಖ ನೋಡಿದ. ನಾನು ಮರಳು ನೋಡಿದೆ.

ನನ್ನ ಮಗಳು ಕಾರವಾರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳಿಗೆ ಫೋನು ಮಾಡಿದೆ. ನಮ್ಮ ಮನೆಮಾತು ಕೊಂಕಣಿ, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಂದ್ರ ಭೂಮಿಯನ್ನು ಸುತ್ತುವ ದಾರಿಯ ನಟ್ಟನಡುವೆ ಭೂಮಿ ಇಲ್ಲವಂತೆ, ಸ್ವಲ್ಪ ಒಂದು ಬದಿಗಿದೆಯಂತೆ. ಹಾಗಾಗಿ ತಿಂಗಳಿಗೊಮ್ಮೆ ಚಂದ್ರ ಹತ್ತಿರ, ಒಮ್ಮೆ ದೂರ. ಈ ಸಲ ಹುಣ್ಣಿಮೆಯ ಹೊತ್ತಿಗೆ ಹತ್ತಿರವಿತ್ತು. ಅರ್ಧ ಸುತ್ತು ಮುಗಿಸಿ ಅಮಾವಾಸ್ಯೆಯ ಹೊತ್ತಿಗೆ ದೂರದ ತುದಿಗೆ ಹೋಗಿರುತ್ತದೆ. ದೂರ ಹೋದರೆ ನೀರನ್ನು ಎಳೆಯುವ ಬಲ ಕಡಿಮೆ. "ಅಪ್ಪಾ, ಮೊನ್ನೆ ಚಂದ್ರ ಎಷ್ಟು ದೊಡ್ಡ ಇತ್ತು, ನೀವು ನೋಡ್ಲಿಲ್ವಾ?" ಎಂದು ಕೇಳಿದಳು. ನೋಡಲಿಲ್ಲ ಮಗಾ. ನಿನ್ನಪ್ಪ ಗೂಟ ಹುಗಿದು ಎಮ್ಮೆಯ ಹಾಗೆ ಮಲಗಿದ್ದ.

ಕೇಣಿಯ ಆ ದಂಡೆಯನ್ನು ಮಳೆಗಾಲದಲ್ಲಿ ನೋಡಿದವರಿಗೆ ನನ್ನ ಭಯ ಗೊತ್ತಾಗುತ್ತದೆ. ಜೂನಿನ ಮೊದಲ ದೊಡ್ಡ ಅಲೆಗಳು ಮರಳನ್ನೇ ತಿಂದುಬಿಡುತ್ತವೆ. ಸ್ವಲ್ಪ ಆಚೆಗೆ ಹಿಂದೆಂದೋ ಸಿಕ್ಕಿಬಿದ್ದ ಒಂದು ದೋಣಿಯ ಪಕ್ಕೆಲುಬುಗಳು ಮರಳಲ್ಲಿ ಇನ್ನೂ ನಿಂತಿದ್ದವು. ಅಲೆ ಬೋಟನ್ನು ತೇಲಿಸಿ ಒಯ್ಯುವುದಿಲ್ಲ, ಎತ್ತಿ ಎತ್ತಿ ಕುಕ್ಕುತ್ತದೆ. ಎರಡು ದಿನ ಸಾಕು, ಹಲಗೆ ಒಂದೊಂದಾಗಿ ಬಿಡುತ್ತದೆ. ಅಮಾವಾಸ್ಯೆ ತಪ್ಪಿದರೆ ಮುಂದಿನ ಹುಣ್ಣಿಮೆಯವರೆಗೆ ಈ ಬೋಟು ಉಳಿಯುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದ್ವಾದಶಿಗೆ ಜೆಸಿಬಿ ತರಿಸಿದೆ. ನಿಧಾನ ಎಳಿ ಎಂದು ಹತ್ತು ಸಲ ಹೇಳಿದೆ. ಅದರ ಚಕ್ರ ಮರಳಲ್ಲಿ ಹೂತು, ಒಮ್ಮೆಲೇ ಕಿತ್ತುಕೊಂಡಾಗ ಮೂತಿಗೆ ಸುತ್ತಿದ್ದ ಹಗ್ಗ ಜಗ್ಗಿತು. ಮೂತಿಯ ಕಂಬದ ಕೀಲಿನಿಂದ ಟಪ್ ಎಂದು ಸದ್ದು ಬಂತು. ಹೋಗಿ ನೋಡಿದರೆ ಬೆರಳು ತೂರುವಷ್ಟು ಬಾಯಿ ಬಿಟ್ಟಿದೆ. ಬೋಟು ಒಂದು ಮೊಳವೂ ಸರಿದಿರಲಿಲ್ಲ. ಜೆಸಿಬಿಯವನನ್ನು ಬಾಯಿಗೆ ಬಂದ ಹಾಗೆ ಬೈದು ಕಳಿಸಿದೆ. ಅವನ ತಪ್ಪೇನೂ ಇರಲಿಲ್ಲ. ಆ ಕೀಲಿಗೆ ಹತ್ತಿ, ರಾಳ ತುಂಬಿ, ಕಬ್ಬಿಣದ ಪಟ್ಟಿ ಬಿಗಿಯುವುದರಲ್ಲಿ ದಿನ ಮುಗಿಯಿತು.

ತ್ರಯೋದಶಿಗೆ ತೋಡಲು ಶುರು ಮಾಡಿದೆವು. ಬೋಟಿನ ಅಡಿಯಲ್ಲಿ ಮರಳು ತೆಗೆದಷ್ಟೂ ಬೋಟು ಕೆಳಗಿಳಿಯುತ್ತದೆ, ಕೆಳಗಿಳಿದಷ್ಟೂ ನೀರು ಹತ್ತಿರ. ಇದು ನೆಟ್ಟಗಿನ ಉಪಾಯ. ಮೊಣಕೈ ಆಳಕ್ಕೆ ಹಾರೆ ಖಣ್ ಎಂದಿತು. ಕೆರೆದು ನೋಡಿದೆವು. ಒಂದೇ ಹಾಸುಬಂಡೆ, ಬೋಟಿನ ಉದ್ದಕ್ಕೂ. ಅಲ್ಲಿಂದ ಹತ್ತು ಹೆಜ್ಜೆ ಕೆಳಗೆ ಹಾರೆ ಇಳಿಸಿದರೆ ಹಿಡಿಕೆಯವರೆಗೂ ಮರಳು. ಹತ್ತೇ ಹೆಜ್ಜೆ! ನಾನು ಹಾರೆ ಬಿಸಾಡಿ ಗುಂಡಿಯ ದಂಡೆಯಲ್ಲಿ ತಲೆಗೆ ಕೈಹೊತ್ತು ಕೂತೆ. ಅಳು ಬಂತು. ಖಲಾಶಿಗಳ, ಅಂದರೆ ಬೋಟಿನ ಆಳುಗಳ, ಎದುರು ಅಳಬಾರದೆಂದು ಬೆವರು ಒರೆಸುವ ನೆಪದಲ್ಲಿ ಮುಖಕ್ಕೆ ಬೈರಾಸ ಒತ್ತಿಕೊಂಡೆ.

ಮರುದಿನ ಚತುರ್ದಶಿ. ಬೆಳಕು ಹರಿಯುವ ಮುನ್ನ ಯಜಮಾನ್ತಿ ಬೋಟಿನ ಪಕ್ಕ ಮಲಗಿದ್ದ ನನ್ನ ಬಳಿ ಬಂದು, "ಏಳು, ನೀರು ನೋಡೂಕೆ ಹೋಗ್ವಾ" ಎಂದಳು. ಬುಟ್ಟಿ ಸೊಂಟದಲ್ಲಿತ್ತು. ಅವಳ ಹಿಂದೆ ನಡೆದೆ. ಪೂರ್ವದ ಗುಡ್ಡದ ಮೇಲೆ ಉಗುರಿನ ಚೂರಿನಷ್ಟು ಚಂದ್ರ ಆಗಷ್ಟೇ ಹತ್ತಿತ್ತು. ಅದರ ಹಿಂದೆಯೇ ಆಕಾಶ ಕೆಂಪಾಗತೊಡಗಿತ್ತು.

"ಕಂಡಿತಾ? ದಿನಾ ಮುಕ್ಕಾಲು ತಾಸು ತಡ ಆಗಿ ಹುಟ್ತದೆ. ನೀರೂ ಹಾಂಗೇ, ದಿನಾ ಮುಕ್ಕಾಲು ತಾಸು ತಡ. ನಂಗೆ ಗಡಿಯಾರ ಬೇಡಾ. ಅದು ಗುಡ್ಡ ಹತ್ತೂಕೆ ಒಂದು ತಾಸು ಮುಂಚೆ ಇಳಿತ ಪೂರ್ತಿ. ಅದು ಹತ್ತಿದ್ದು ಕಂಡಿತಾ, ನೀರು ತಿರ್ಗಿತು ಅಂತ ಲೆಕ್ಕ. ಬುಟ್ಟಿ ಎತ್ಕಂಡು ಮೇಲೆ ಬರ್ಬೇಕು."

"ನೆತ್ತಿಗೆ ಬಂದಾಗ?"

"ನೆತ್ತಿಗೆ ಬರೂ ಮೊದ್ಲೇ ಭರತಿ. ಮುಳ್ಗೂ ಮೊದ್ಲೇ ಮತ್ತೆ ಇಳಿತ. ಅದು ಭೂಮಿ ಕೆಳ್ಗೆ ನಮ್ಮ ಕಾಲಡಿಗೆ ಬರೂ ಮೊದ್ಲೇ ಇನ್ನೊಂದು ಭರತಿ. ಮಳೆಗಾಲ ಹತ್ರ ಬಂದ್ರೆ ಹಗಲಿಂದು ದೊಡ್ಡದು, ರಾತ್ರಿದು ಸಣ್ಣದು. ನಿನ್ನ ಬೋಟಿಗೆ ದಿನಕ್ಕೆ ಒಂದೇ ಅವಕಾಶ, ಮೇಸ್ತಾ."

ಇಷ್ಟನ್ನು ಅವಳು ದಂಡೆಯ ಹತ್ತಿರದ ಕಲ್ಲಿನಲ್ಲಿ ಚಿಪ್ಪಿ ಕೆರೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು. ನಾನು ಅಜ್ಜಿಕಲ್ಲನ್ನು ನೋಡಿದೆ. ನೀರು ಆಗಲೇ ತಿರುಗಿತ್ತು. ಕಲ್ಲಿನ ಹೆಗಲು ಕೂಡ ಕಾಣುತ್ತಿರಲಿಲ್ಲ.

"ಅಮಾಸೆಗೆ ನೀರು ಗೂಟಕ್ಕೆ ಬತ್ತದಾ?" ಎಂದು ಕೇಳಿದೆ. ದೇವರ ಹತ್ತಿರ ಪ್ರಸಾದ ಕೇಳುವವನ ದನಿ ನನ್ನದು.

"ಇಲ್ಲ" ಎಂದಳು.

ಆದರೂ ಅಮಾವಾಸ್ಯೆಗೆ ಊರೇ ಬಂತು. ಅದರ ಹಿಂದಿನ ದಿನ ಗಾಳಿಮರದ ಮೂರು ಕಂಬ ನಿಲ್ಲಿಸಿ, ಸರಪಳಿ ಕಪ್ಪಿ, ಅಂದರೆ ರಾಟೆ, ಕಟ್ಟಿ ಎಂಜಿನ್ನು ಇಳಿಸಿದ್ದೆವು. ಡೀಸೆಲ್ ಟ್ಯಾಂಕು, ಐಸ್ ಪೆಟ್ಟಿಗೆ, ಬಲೆ, ಲಂಗರು, ಎಲ್ಲ ಹೊರಗೆ. ಬೋಟು ಖಾಲಿ ಡಬ್ಬದ ಹಾಗೆ ನಿಂತಿತ್ತು. ಬಂಡೆಯವರೆಗೆ ತೋಡಿ, ಸಮುದ್ರದ ಕಡೆಗೆ ಕಾಲುವೆ ಬಿಡಿಸಿದ್ದೆವು. ಹನ್ನೊಂದೂ ಕಾಲು ಗಂಟೆಗೆ ಭರತಿ ತುಂಬಿತು. ನೀರು ಕಾಲುವೆಯಲ್ಲಿ ಒಳಗೆ ಬಂತು, ಬೋಟಿನ ಹಿಂಬದಿ ಮುಟ್ಟಿತು, ಅಡಿಯಲ್ಲೂ ಹೋಯಿತು. ಐವತ್ತು ಜನ "ಹೈಸಾ" ಎಂದು ಹೆಗಲು ಕೊಟ್ಟರು. ಬೋಟು ಮಿಸುಕಲಿಲ್ಲ. ಹಿಂಬದಿಗೆ ಕೋಲು ಇಳಿಸಿ ಅಳೆದೆ. ಬೇಕಾದದ್ದಕ್ಕೆ ಸರಿಯಾಗಿ ಒಂದು ಗೇಣು, ಹನ್ನೆರಡು ಬೆರಳು ಕಡಿಮೆ. ಅರ್ಧ ತಾಸು ಕಾದೆವು. ಕಾಲುವೆಯ ಮರಳು ಕುಸಿದು ತುಂಬಿಕೊಂಡಿತು. ನೀರು ಹಿಂದೆ ಹೋಯಿತು.

ಜನ ಒಬ್ಬೊಬ್ಬರೇ ಕಾಲಿನ ಮರಳು ಝಾಡಿಸಿಕೊಂಡು ಹೊರಟರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಆಗುತ್ತಿತ್ತು. ನೈಋತ್ಯದಲ್ಲಿ ಮೋಡ ಕಟ್ಟುತ್ತಿತ್ತು.

ತಾಂಡೇಲ ಬೀಡಿ ಹಚ್ಚಿ ಹೇಳಿದ. "ಆಯ್ತು. ಅಮಾಸೆ ಮುಗೀತು. ಇನ್ನು ದಿನಾ ನೀರು ಕಮ್ಮಿ. ಎಂಜಿನ್ ಆದ್ರೂ ಉಳೀತು ಅಂದ್ಕಂಡು ಹಲ್ಗೆ ಬಿಚ್ಚಿ ಬಿಡ್ವಾ. ಸಮುದ್ರ ಒಡೆಯೂಕಿಂತ ನಾವೇ ಒಡ್ದ್ರೆ ನಾಕು ಹಲ್ಗೆ ಸಿಕ್ತದೆ."

ಯಜಮಾನ್ತಿ ಬೋಟಿನ ಪಕ್ಕಕ್ಕೆ ಅಂಗೈ ಇಟ್ಟುಕೊಂಡು ನಿಂತಿದ್ದಳು. "ಅವ್ರು ಹೋದ್ಮೇಲೆ ನಂಗೆ ಉಳ್ದದ್ದು ಇದೊಂದೇ. ಒಡೀಬೇಡ್ರೋ" ಎಂದಳು. ದನಿ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಮತ್ತೆ ಚಿಪ್ಪಿ ಕೆರೆಯುವಾಗಿನ ಅದೇ ಸಪಾಟು ದನಿಯಲ್ಲಿ ಹೇಳಿದಳು.

"ಅಮಾಸೆ ದಿನದ ನೀರೇ ದೊಡ್ಡದು ಅಂತ ಯಾರು ಹೇಳಿದ್ರು ನಿಮ್ಗೆ? ನಾವು ಹೆಂಗಸ್ರು ಅಮಾಸೆಗೆ ಅಜ್ಜಿಕಲ್ಲಿಗೆ ಹೋಗೂದಿಲ್ಲ, ಬಿದಿಗೆಗೆ ಹೋತೇವು. ಹೆಚ್ಚು ಬಿಡೂದು ಅವತ್ತು. ಸಂಜೆಗೆ ಹೊಸ ಚಂದ್ರ ಕಾಣೂ ದಿನ."

ನಾನು ನಗಲಿಲ್ಲ. "ಎಷ್ಟು ಹೆಚ್ಚು?" ಎಂದು ಕೇಳಿದೆ. ಜೀವಮಾನದಲ್ಲಿ ಅವಳನ್ನು ನಾನು ಸರಿಯಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಅವಳು ನಾಲ್ಕು ಬೆರಳು ಎತ್ತಿ ತೋರಿಸಿದಳು. "ತದಿಗೆಯಿಂದ ಇಳೀತದೆ."

ನಾಲ್ಕು ಬೆರಳು. ಬೇಕಾದದ್ದು ಹನ್ನೆರಡು. ಕೆಳಗೆ ಬಂಡೆ, ಮೇಲೆ ಆಕಾಶ. ಬೋಟಿನಲ್ಲಿ ಇಳಿಸಲು ಇನ್ನೇನೂ ಉಳಿದಿರಲಿಲ್ಲ. ನಾನು ಬೋಟಿನ ಸುತ್ತ ಎರಡು ಸುತ್ತು ಹಾಕಿದೆ. ಮೂರನೆಯ ಸುತ್ತಿಗೆ ಬಗ್ಗಿ ನೋಡಿದೆ, ಕಣ್ಣೆದುರೇ ಇತ್ತು. ಆರು ಬೆರಳು ದಪ್ಪ, ಒಂದು ಗಂಟಿಲ್ಲದ ಮತ್ತಿಮರ, ಇಪ್ಪತ್ತೆರಡು ಬೋಲ್ಟು. ನನ್ನ ಚಪ್ಪಲಿ.

ಸುಳ್ಳು ಯಾಕೆ ಹೇಳಲಿ, ಹಲಗೆ ಬಿಚ್ಚುವ ತಾಂಡೇಲನ ಮಾತಿಗೆ ಹೂಂ ಅಂದುಬಿಡಲೇ ಎಂದು ಒಂದು ಕ್ಷಣ ಅನಿಸಿತ್ತು. ಬೋಟು ಹೋದರೆ ಸಮುದ್ರದ ತಪ್ಪು, ಚಪ್ಪಲಿ ಕಿತ್ತರೆ ನನ್ನ ತಪ್ಪು ಊರಿಗೆಲ್ಲ ಕಾಣುತ್ತದೆ. ಅಷ್ಟು ಕೆಟ್ಟ ಯೋಚನೆ ನನ್ನ ತಲೆಯಲ್ಲೂ ಇತ್ತು ಎಂದು ಆ ದಿನ ಗೊತ್ತಾಯಿತು.

"ಚಪ್ಪಲಿ ಕೀಳ್ವಾ" ಎಂದೆ.

"ಹುಚ್ಚು ಹಿಡೀತಾ ಮೇಸ್ತಾ? ಇಪ್ಪತ್ತು ವರ್ಷ ಅಲುಗೂದಿಲ್ಲ ಅಂದಿದ್ದೆ!" ಎಂದ ತಾಂಡೇಲ.

"ಅದೇ ಈಗ ಫಜೀತಿ. ಗರಗಸ ಕೊಡು."

ಬಡಿದು ಚಪ್ಪಟೆ ಮಾಡಿದ ಬೋಲ್ಟು ತಿರುಗಿಸಿ ತೆಗೆಯಲು ಬರುವುದಿಲ್ಲ, ಕತ್ತರಿಸಬೇಕು. ಬೋಟಿನ ಹೊಟ್ಟೆಯೊಳಗೆ ಮಂಡಿಯೂರಿ, ಕಬ್ಬಿಣದ ಗರಗಸ ಹಿಡಿದು ಒಂದೊಂದನ್ನೇ ಕುಯ್ದೆ. ಒಂದು ಬೋಲ್ಟಿಗೆ ಅರ್ಧ ತಾಸು. ಬ್ಲೇಡು ಮುರಿದರೆ ತಾಂಡೇಲ ಅಂಕೋಲೆಗೆ ಬೈಕಿನಲ್ಲಿ ಹೋಗಿ ತಂದ. ಅಮಾವಾಸ್ಯೆಯ ಸಂಜೆಯವರೆಗೆ ಒಂಬತ್ತಾದವು. ಪಾಡ್ಯದ ಬೆಳಿಗ್ಗೆ ಮತ್ತೆ ಶುರು. ಹನ್ನೆರಡು ಗಂಟೆಯ ಭರತಿಗೆ ಕೆಲಸ ನಿಲ್ಲಿಸಿ, ಹಿಂದಿನ ದಿನ ನೀರು ನಿಂತಲ್ಲಿ ಹುಗಿದ ಕೋಲು ನೋಡಲು ಓಡಿದೆ. ಮೂರು ಬೆರಳು ಹೆಚ್ಚು! ಅಮಾವಾಸ್ಯೆ ಮುಗಿದ ಮೇಲೂ ನೀರು ಏರಿತ್ತು. ಅವಳ ಮಾತು ನಿಜವಾಗಿತ್ತು. ಕೂಗಿ ಹೇಳಿದೆ. ಅವಳು ತಲೆಯಾಡಿಸಿದಳು ಅಷ್ಟೇ, ಅವಳಿಗೆ ಅದು ಸುದ್ದಿಯೇ ಆಗಿರಲಿಲ್ಲ.

ಇಪ್ಪತ್ತೆರಡನೆಯ ಬೋಲ್ಟು ಬಿದ್ದದ್ದು ಪಾಡ್ಯದ ಸಂಜೆ. ಬೋಟನ್ನು ಜಾಕಿಯ ಮೇಲೆ ಹಿಡಿದು, ಚಪ್ಪಲಿಯನ್ನು ಬೆಣೆ ಹೊಡೆದು ಬಿಡಿಸಿ ಪಕ್ಕಕ್ಕೆ ಎಳೆದೆವು. ಮೊದಲ ಹನಿ ಬಿತ್ತು. ಬೆನ್ನುತೊಲೆಯ ಇಪ್ಪತ್ತೆರಡು ತೂತಿಗೂ ಮರದ ಬೆಣೆಗೆ ಹತ್ತಿ ಸುತ್ತಿ, ರಾಳ ಬಳಿದು ಬಡಿದೆ. ಕೈ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಜಾರುತ್ತಿತ್ತು. ಬೋಟು ಆರು ಬೆರಳು ಕೆಳಗೆ ಕೂತಿತು. ನಾಲ್ಕು ಮತ್ತು ಆರು ಹತ್ತು. ಇನ್ನೆರಡು ಬೆರಳನ್ನು ದೇವರಿಗೆ ಬಿಟ್ಟೆ.

ಬಿದಿಗೆಯ ಬೆಳಿಗ್ಗೆ ಸೂರ್ಯ ಕಾಣಲಿಲ್ಲ, ಚಂದ್ರನಂತೂ ಇಲ್ಲವೇ ಇಲ್ಲ. ಅವಳು ಹೇಳಿದ ಹೊತ್ತಿಗೆ, ಆರೂವರೆಗೆ, ಇಳಿತ ಪೂರ್ತಿಯಾಯಿತು. ನಮ್ಮ ಉಪಾಯ ಹೀಗಿತ್ತು. ಸಮುದ್ರದ ಕಡೆಯಿಂದ ಬೋಟನ್ನು ಎಳೆಯಲು ಆ ಅಲೆಯಲ್ಲಿ ಇನ್ನೊಂದು ಬೋಟು ಬರುವಂತಿಲ್ಲ. ಅಜ್ಜಿಕಲ್ಲಿಗೆ ಕಪ್ಪಿ ಕಟ್ಟಿ, ಬೋಟಿನ ಹಿಂಬದಿಯ ಹಗ್ಗವನ್ನು ಅದರಲ್ಲಿ ಹಾಯಿಸಿ ತಿರುಗಿ ದಂಡೆಗೆ ತಂದರೆ, ನಾವು ಗುಡ್ಡದ ಕಡೆ ಎಳೆದಂತೆ ಬೋಟು ಸಮುದ್ರದ ಕಡೆ ಹೋಗುತ್ತದೆ. ಕಪ್ಪಿ ಕಟ್ಟಲು ಕಲ್ಲಿನ ಕುತ್ತಿಗೆ ಬಿಡುವುದು ಹದಿನೈದು ನಿಮಿಷ. ಆ ಕಲ್ಲಿನ ಯಾವ ಬಿರುಕಿನಲ್ಲಿ ಹಗ್ಗ ಕೂತುಕೊಳ್ಳುತ್ತದೆ ಎಂದು ಗೊತ್ತಿದ್ದದ್ದು ಒಬ್ಬಳಿಗೇ. ಅವಳು ಸೀರೆ ಕಚ್ಚೆ ಬಿಗಿದು ನಡೆದಳು. ಎದೆಮಟ್ಟದ ಅಲೆ ಎರಡು ಸಲ ಅವಳನ್ನು ಮುಚ್ಚಿತು. ನಾನು ದಂಡೆಯಲ್ಲಿ "ದೇವಾ, ದೇವಾ" ಎನ್ನುತ್ತಿದ್ದೆ. ಕಟ್ಟಿ ಬಂದಳು. ಮೊಣಕಾಲು ಚಿಪ್ಪಿಗೆ ಉಜ್ಜಿ ರಕ್ತ ಸೋರುತ್ತಿತ್ತು.

ಹಗ್ಗ ಹಿಡಿಯಲು ಹನ್ನೊಂದು ಜನ ಬಂದಿದ್ದರು, ಅಮಾವಾಸ್ಯೆಯ ಐವತ್ತರಲ್ಲಿ ಅಷ್ಟೇ. ತಾಂಡೇಲ ಹಗ್ಗದ ತುದಿಯನ್ನು ಅತ್ತಿಗೆಯ ಕೈಗೂ ಕೊಟ್ಟ. ಉಳಿದವರು ಸರಿದು ಅವಳಿಗೆ ಜಾಗ ಬಿಟ್ಟರು. ನಾನು ನೀರಿಗಿಳಿದು ಬೋಟಿನ ಪಕ್ಕಕ್ಕೆ ಭುಜ ಕೊಟ್ಟೆ.

ಹನ್ನೆರಡೂವರೆ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಬೋಟಿನ ಹಿಂಬದಿ ಒಮ್ಮೆ ಎದ್ದು ಕುಕ್ಕಿತು, ಆ ಪೆಟ್ಟು ನನ್ನ ಹಲ್ಲಿಗೆ ತಾಗಿತು. ಮೂತಿ ಮಾತ್ರ ಬಂಡೆ ಬಿಡಲಿಲ್ಲ. ಹನ್ನೆರಡೂ ಮುಕ್ಕಾಲು. ಕೋಲು ನೋಡಿದೆ. ನಾಲ್ಕು ಬೆರಳು, ಹೇಳಿದಷ್ಟೇ, ಒಂದು ಕೂದಲು ಹೆಚ್ಚಿಲ್ಲ. ನೀರು ನಿಂತುಬಿಟ್ಟಿತು. ಇನ್ನು ಹತ್ತು ನಿಮಿಷಕ್ಕೆ ತಿರುಗುತ್ತದೆ. ನನ್ನ ಬಾಯಿಯಿಂದ ಯಾವ ಮಾತು ಬರುತ್ತಿತ್ತೋ ಗೊತ್ತಿಲ್ಲ, ದೇವರನ್ನು ಬೈಯುತ್ತಿದ್ದೆ ಎಂದು ಖಲಾಶಿಗಳು ಆಮೇಲೆ ಹೇಳಿದರು.

ಆಗ ಹೊರಗಿನಿಂದ ಮೂರು ಅಲೆ ಒಂದರ ಹಿಂದೆ ಒಂದು ಬಂದವು. ಒಂದು ವಾರದಿಂದ ಯಾವ ಅಲೆಗೆ ಹೆದರಿದ್ದೆನೋ ಅವೇ. ಮೊದಲನೆಯದು ಹಿಂಬದಿ ಎತ್ತಿತು. "ಎಳೀರೋ!" ಎಂದು ಅವಳು ಕೂಗಿದ್ದು ಕೇಳಿಸಿತು. ಎರಡನೆಯದಕ್ಕೆ ಮೂತಿ ಕರ್ರೆಂದು ಬಂಡೆ ಕೆರೆಯಿತು. ಮೂರನೆಯದು ನನ್ನ ತಲೆಯ ಮೇಲಿಂದ ಹೋಯಿತು. ಉಪ್ಪುನೀರು ಕುಡಿದು ಮೇಲೆ ಬಂದಾಗ ಭುಜದ ಎದುರಿಗೆ ಬೋಟು ಇರಲಿಲ್ಲ. ಹತ್ತು ಹೆಜ್ಜೆ ಆಚೆ ಹಗುರವಾಗಿ ತೂಗಾಡುತ್ತಿತ್ತು. ತಾಂಡೇಲ ಅದಾಗಲೇ ಹತ್ತಿ ಉದ್ದ ಬಿದಿರ ಗಳು ಊರುತ್ತಿದ್ದ.

ಗಳು ಊರಿ, ಹಗ್ಗ ಜಗ್ಗಿ, ದಂಡೆಯ ಉದ್ದಕ್ಕೂ ನಡೆಸಿ ಅದನ್ನು ಹೊಳೆಬಾಯಿಯೊಳಗೆ ಸೇರಿಸುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ನಾನು ಹೊಳೆಯ ದಡದಲ್ಲಿ ಕುಸಿದು ಕೂತೆ. ಮೈಯಲ್ಲಿ ಒಣಗಿದ ಜಾಗ ಒಂದೂ ಇರಲಿಲ್ಲ. ಅಂಗಿಯ ಜೇಬಿನಲ್ಲೂ ಮರಳು. ಯಜಮಾನ್ತಿ ಕುಂಟುತ್ತ ಬಂದು ಎದುರಿಗೆ ನಿಂತಳು.

"ಒಂದು ಮಾತು ಕೇಳ್ತೆ ಮೇಸ್ತಾ. ಅಂದು ಹತ್ತು ಹೆಜ್ಜೆ ಎಂತಕ್ಕೆ ಹೆಚ್ಚು ಎಳ್ಸಿದ್ದೆ?"

ಒಣ ಜಾಗ ಬೇಕಿತ್ತು, ಮರ ನೆನೆಯಬಾರದಿತ್ತು, ರಾಳ ಹಿಡಿಯಬೇಕಿತ್ತು ಎಂದು ಹದಿನೈದು ದಿನದಿಂದ ನನಗೆ ನಾನೇ ಹೇಳಿಕೊಂಡಿದ್ದ ಉತ್ತರಗಳೆಲ್ಲ ನಾಲಿಗೆ ತುದಿಗೆ ಬಂದವು. ಅಲ್ಲೇ ನಿಂತವು.

"ಕೆಲ್ಸದ ನಡುವೆ ಭರತಿ ಬಂದ್ರೆ ಕಾಲು ಒದ್ದೆ ಆಗ್ತದೆ ಅಂತ" ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ದೀಪಾವಳಿ ಮುಗ್ದ್ಮೇಲೆ ಬಾ. ಚಪ್ಪಲಿ ಮತ್ತೆ ಹಾಕೂಕಿದೆ. ಜಾಗ ನಾ ತೋರಸ್ತೆ" ಎಂದು ಹೇಳಿ ಹೋದಳು.

ದೀಪಾವಳಿ ಮುಗಿದ ಮೇಲೆ ಹೋದೆ. ಬೋಟು ನಿಲ್ಲುವ ಜಾಗಕ್ಕೆ, ಹಳೆಯ ಜಾಗದಿಂದ ಹತ್ತು ಹೆಜ್ಜೆ ಕೆಳಗೆ, ಬಿದಿರ ಗೂಟವನ್ನು ಅವಳೇ ಹುಗಿದಿಟ್ಟಿದ್ದಳು. ಅದೇ ಮತ್ತಿಮರ, ಅದೇ ಇಪ್ಪತ್ತೆರಡು ತೂತು. ಮೊದಲ ಮೂರು ದಿನ ಭರತಿಗೆ ನೀರು ಬೋಟಿನ ಅಡಿಗೇ ಬಂದು ನನ್ನ ಮೊಣಕಾಲು ಮುಚ್ಚುತ್ತಿತ್ತು. ಉಳಿ ಎತ್ತಿ ಹಿಡಿದು, ನೀರು ಇಳಿಯುವವರೆಗೆ ಅದರಲ್ಲೇ ನಿಂತಿರುತ್ತಿದ್ದೆ.